ಅಬಲೂರಿನ ಶಾಸನಕ್ಕೆ ಮೂರು ಬಾಗಿಲು

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬಲೂರು ಸಣ್ಣ ಊರು. ಆದರೆ ಕರ್ನಾಟಕದ ಧಾರ್ಮಿಕ ಇತಿಹಾಸವನ್ನು ಬರೆಯಹೊರಟ ಯಾರೂ ಆ ಊರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ ತನ್ನ ಶಿರಸ್ಸನ್ನು ಶಿವನಿಗೆ ಒಪ್ಪಿಸಿ ಮರಳಿ ಪಡೆದನೆಂದೂ, ಜಿನಪ್ರತಿಮೆಯನ್ನು ಕೆಡವಿ ವೀರಸೋಮನಾಥನ ದೇಗುಲವನ್ನು ಎತ್ತಿಸಿದನೆಂದೂ, ಬಿಜ್ಜಳನು ಅವನಿಗೆ ಜಯಪತ್ರವನ್ನಿತ್ತನೆಂದೂ ಹೇಳುವ, ಸುಮಾರು ಕ್ರಿ.ಶ. 1200ರ ಶಾಸನ ಅಲ್ಲಿಯದು. ಜೆ.ಎಫ್. ಫ್ಲೀಟ್ ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪಾಠ ಮತ್ತು ಅನುವಾದಗಳೊಡನೆ ಪ್ರಕಟಿಸಿ 120 ವರ್ಷಗಳಿಗೂ ಮೇಲಾಯಿತು. ಶಾಸನದ ಪವಾಡ ಕಥನದೊಳಗೆ ಅಡಗಿರುವ ಐತಿಹಾಸಿಕ ಘಟನೆ ಯಾವುದು, ಅಂದಿನ ಜೈನ-ಶೈವ ಸಂಬಂಧದ ನಿಜಸ್ವರೂಪ ಎಂಥದು ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ಚರ್ಚೆ ಮುಗಿಯದಿರುವುದು ವಿದ್ವತ್ತಿನ ಲಕ್ಷಣವೇ ಸರಿ. ಆದರೆ ಆ ಚರ್ಚೆಯನ್ನು ಓದುವ ಅವಕಾಶ ಯಾರಿಗಿದೆ ಎಂಬುದು ಬೇರೆಯೇ ಪ್ರಶ್ನೆ. ಹಿರೇಕೆರೂರಿನ ಕಾಲೇಜೊಂದರಲ್ಲಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ತನ್ನ ಪಕ್ಕದೂರಿನ ಈ ಶಾಸನದ ಮೇಲೆ ಪ್ರಬಂಧ ಬರೆಯಲು ಹೊರಟಳೆಂದು ಇಟ್ಟುಕೊಂಡರೆ, ಅವಳ ಮುಂದೆ ಮೂರು ಬಾಗಿಲುಗಳಿವೆ.

ಮೊದಲನೆಯದು ತೆರೆದಿದೆ. ಫ್ಲೀಟನ ಸಂಪುಟವೂ, 1872ರಲ್ಲಿ ಆರಂಭವಾದ ‘ಇಂಡಿಯನ್ ಆಂಟಿಕ್ವರಿ’ಯ ಹಳೆಯ ಸಂಪುಟಗಳೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಎರಡನೆಯದಕ್ಕೆ ಬೀಗವಿದೆ. ಇತ್ತೀಚಿನ ದಶಕಗಳಲ್ಲಿ ದಕ್ಷಿಣ ಭಾರತದ ಇತಿಹಾಸವನ್ನು ಕುರಿತು ಇಂಗ್ಲಿಷಿನಲ್ಲಿ ಬಂದ ಲೇಖನಗಳು ಸೇಜ್ ಪ್ರಕಟಿಸುವ ‘ಇಂಡಿಯನ್ ಇಕನಾಮಿಕ್ ಅಂಡ್ ಸೋಶಿಯಲ್ ಹಿಸ್ಟರಿ ರಿವ್ಯೂ’, ಟೇಲರ್ ಅಂಡ್ ಫ್ರಾನ್ಸಿಸ್‌ನ ‘ಸೌತ್ ಏಶಿಯನ್ ಸ್ಟಡೀಸ್’, ಕೇಂಬ್ರಿಜ್‌ನಿಂದ ಬರುವ ರಾಯಲ್ ಏಶಿಯಾಟಿಕ್ ಸೊಸೈಟಿಯ ಪತ್ರಿಕೆ ಮುಂತಾದವುಗಳಲ್ಲಿವೆ. ಅವನ್ನು ಓದಲು ಚಂದಾ ಬೇಕು. ಮೂರನೆಯದು ಕನ್ನಡದ ಬಾಗಿಲು. ಶಾಸನಗಳನ್ನು ಕುರಿತ ಅತ್ಯುತ್ತಮ ವಿವೇಚನೆಯ ದೊಡ್ಡ ಭಾಗ ಕನ್ನಡದಲ್ಲಿಯೇ ನಡೆದಿದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮತ್ತು ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳು ಪುಸ್ತಕರೂಪದಲ್ಲಿ ಉಳಿದಿವೆ. ಆದರೆ ನೂರಾರು ವಿದ್ವಾಂಸರ ಸಾವಿರಾರು ಲೇಖನಗಳು ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ, ರಟ್ಟು ಹಾಕಿದ ಸಂಪುಟಗಳಾಗಿ, ಧಾರವಾಡ, ಮೈಸೂರು, ಬೆಂಗಳೂರುಗಳ ಕಪಾಟುಗಳಲ್ಲಿ ಕುಳಿತಿವೆ. ಈ ಮೂರನೆಯ ಬಾಗಿಲಿಗೆ ಬೀಗವಿಲ್ಲ. ಅದನ್ನು ಯಾರೂ ಗೋಡೆಯಲ್ಲಿ ಕೊರೆದೇ ಇಲ್ಲ.

ವಿಶ್ವವಿದ್ಯಾಲಯ ಗ್ರಂಥಾಲಯಗಳ ಒಕ್ಕೂಟಗಳು ಇಷ್ಟು ವರ್ಷಗಳಿಂದ ಶ್ರಮಿಸುತ್ತಿರುವುದು ಎರಡನೆಯ ಬಾಗಿಲನ್ನು ತೆರೆಯಿಸಲು. ಆ ಶ್ರಮವನ್ನು ಹಗುರವಾಗಿ ಕಾಣಬಾರದು. ಒಂದೊಂದು ವಿಶ್ವವಿದ್ಯಾಲಯವೂ ಬೇರೆಬೇರೆಯಾಗಿ ವಿದೇಶೀ ಪತ್ರಿಕೆಗಳಿಗೆ ಚಂದಾ ಕಟ್ಟುತ್ತಿದ್ದ ಕಾಲದಲ್ಲಿ, ಬೆಲೆ ಏರಿದಂತೆಲ್ಲ ಪತ್ರಿಕೆಗಳ ಪಟ್ಟಿ ಕಿರಿದಾಗುತ್ತ ಹೋಗುತ್ತಿತ್ತು. ಹಲವು ಸಂಸ್ಥೆಗಳು ಕೂಡಿ ಪ್ರಕಾಶಕರೊಡನೆ ಒಂದೇ ದನಿಯಲ್ಲಿ ವ್ಯವಹರಿಸಿದರೆ ದರ ಇಳಿಯುತ್ತದೆ ಎಂಬುದು ಒಕ್ಕೂಟದ ಮೂಲತತ್ತ್ವ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಮೂಲಕ ಯುಜಿಸಿ-ಇನ್‌ಫೋನೆಟ್ ಒಕ್ಕೂಟ ಬಂದಿತು. ಕಾಲೇಜುಗಳಿಗಾಗಿ 2010ರಲ್ಲಿ ಎನ್-ಲಿಸ್ಟ್ ಬಂದಿತು. 2015ರಲ್ಲಿ ಇವುಗಳನ್ನೂ ತಾಂತ್ರಿಕ ಸಂಸ್ಥೆಗಳ ಒಕ್ಕೂಟವನ್ನೂ ಒಂದುಗೂಡಿಸಿ ಇ-ಶೋಧಸಿಂಧುವನ್ನು ಕಟ್ಟಲಾಯಿತು. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆಯಿತ್ತಿತು. 2025ರಿಂದ 2027ರ ವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರು. ಭಾಗಿಸಿ ನೋಡಿದರೆ ಒಬ್ಬರಿಗೆ ವರ್ಷಕ್ಕೆ ಸುಮಾರು 1,100 ರೂಪಾಯಿ. ದೆಹಲಿಯ ಸಂಶೋಧಕನಿಗೆ ಸಿಗುವುದೇ ಸವಣೂರಿನ ಸರ್ಕಾರಿ ಕಾಲೇಜಿನ ಅಧ್ಯಾಪಕನಿಗೂ ಸಿಗಬೇಕೆಂಬ ಆಶಯ ಉದಾತ್ತವಾದುದು.

ಆದರೆ ಆಶಯದ ಉದಾತ್ತತೆ ವ್ಯವಸ್ಥೆಯ ಕೊರತೆಗಳನ್ನು ಮರೆಸಬಾರದು. ಮೊದಲನೆಯ ಕೊರತೆ, ಆವರಣದ್ದು. ಯೋಜನೆಯ ಮೊದಲ ಹಂತ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತಕ್ಕೆ ಒಳಪಟ್ಟ ಉನ್ನತ ಶಿಕ್ಷಣ ಸಂಸ್ಥೆಗಳಿಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೂ ಸೀಮಿತ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಂಥ ತಾಲ್ಲೂಕುಗಳಲ್ಲಿ ಉನ್ನತ ಶಿಕ್ಷಣವನ್ನು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಮಾತ್ರ ಹೊತ್ತು ನಿಂತಿಲ್ಲ. ಉತ್ತರ ಕರ್ನಾಟಕದ ಉದ್ದಗಲಕ್ಕೂ ಮಠಗಳು, ಶಿಕ್ಷಣ ಸಂಘಗಳು ಕಾಲೇಜುಗಳನ್ನು ಕಟ್ಟಿವೆ. ಅಲ್ಲಿ ಓದುವವರೂ ಇದೇ ಹೊಲಮನೆಗಳಿಂದ ಬಂದ ಮಕ್ಕಳು. ಅವರಿಗಿರುವುದು ಶುಲ್ಕ ತೆತ್ತು ಸೇರಬಹುದಾದ ಎನ್-ಲಿಸ್ಟ್. ಅದರ ಪಟ್ಟಿಯಲ್ಲಿರುವ ಪತ್ರಿಕೆಗಳು ಆರು ಸಾವಿರದ ಆಸುಪಾಸು. ಒಂದೇ ಊರಿನ ಒಂದೇ ರಸ್ತೆಯ ಎರಡು ಕಾಲೇಜುಗಳಲ್ಲಿ ಒಂದರ ವಿದ್ಯಾರ್ಥಿಗೆ ತೆರೆಯುವ ಪುಟ ಇನ್ನೊಂದರ ವಿದ್ಯಾರ್ಥಿಗೆ ತೆರೆಯದು. ಮುಂದಿನ ಹಂತಗಳಲ್ಲಿ ಖಾಸಗಿ ಸಂಸ್ಥೆಗಳಿಗೂ ವಿಸ್ತರಿಸುವ ಮಾತಿದೆ. ಅದು ಮಾತಾಗಿಯೇ ಉಳಿಯಬಾರದು.

ಎರಡನೆಯ ಕೊರತೆ ಸ್ವಾಮ್ಯದ್ದು. ಮುದ್ರಿತ ಪತ್ರಿಕೆಗೆ ಚಂದಾ ಕಟ್ಟಿದ ಗ್ರಂಥಾಲಯ ಮರುವರ್ಷ ಚಂದಾ ನಿಲ್ಲಿಸಿದರೂ ಹಿಂದಿನ ಸಂಚಿಕೆಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ಆನ್‌ಲೈನ್ ಚಂದಾ ಕೊಳ್ಳುವಿಕೆಯಲ್ಲ, ಓದಲು ಪಡೆದ ಪರವಾನಗಿ. ಒಪ್ಪಂದದಲ್ಲಿ ಶಾಶ್ವತ ಹಕ್ಕನ್ನು ಬೇರೆಯಾಗಿ ಬರೆಯಿಸಿಕೊಳ್ಳದಿದ್ದರೆ, ಚಂದಾ ನಿಂತ ದಿನವೇ ಪುಟಗಳೂ ಮರೆಯಾಗುತ್ತವೆ. ಅದು ಹೊಲ ಕೊಂಡಂತಲ್ಲ, ಲಾವಣಿಗೆ ಮಾಡಿದಂತೆ. ಇದರ ಜೊತೆಗೆ, ಪರವಾನಗಿ ಓದುಗನಿಗೆ ಅಂಟಿದ್ದಲ್ಲ, ಸಂಸ್ಥೆಗೆ ಅಂಟಿದ್ದು. ಹಾವೇರಿ ಜಿಲ್ಲೆಗೆ ಈ ಮಾತಿನ ಅರ್ಥ ಬೇಗ ಆಗಬೇಕು. 2023ರಲ್ಲಿ ಆರಂಭವಾದ ಹಾವೇರಿ ವಿಶ್ವವಿದ್ಯಾಲಯದ ಹೆಸರು, 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಬೇಕೆಂದು ಅಭಿಪ್ರಾಯಪಟ್ಟ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಮುದ್ರಿತ ಗ್ರಂಥಗಳಿದ್ದರೆ ಸಂಸ್ಥೆ ಮುಚ್ಚಿದರೂ ಅವನ್ನು ಇನ್ನೊಂದು ಗ್ರಂಥಾಲಯಕ್ಕೆ ಸಾಗಿಸಬಹುದು. ಪ್ರವೇಶಪದವನ್ನು ಬಂಡಿಯಲ್ಲಿ ಹೇರಿ ಸಾಗಿಸಲು ಬರುವುದಿಲ್ಲ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡ ಕೊರತೆ, ಮತ್ತು ಇದಕ್ಕೆ ದೆಹಲಿಯನ್ನಾಗಲಿ ಗಾಂಧಿನಗರವನ್ನಾಗಲಿ ದೂರುವಂತಿಲ್ಲ. ಎರಡನೆಯ ಬಾಗಿಲು ಪೂರ್ಣವಾಗಿ ತೆರೆದುಕೊಂಡರೂ ಅಬಲೂರಿನ ವಿದ್ಯಾರ್ಥಿನಿಗೆ ಸಿಗುವುದು ಅವಳ ಊರನ್ನು ಕುರಿತು ಇಂಗ್ಲಿಷಿನಲ್ಲಿ ಬಂದ ವಿವೇಚನೆ ಮಾತ್ರ. ‘ಕನ್ನಡ ಸಾಹಿತ್ಯ ಪರಿಷತ್ಪತ್ರಿಕೆ’ ಮತ್ತು ‘ಪ್ರಬುದ್ಧ ಕರ್ನಾಟಕ’ ನೂರು ವರ್ಷ ದಾಟಿದ ಪತ್ರಿಕೆಗಳು. ಕರ್ನಾಟಕ ವಿಶ್ವವಿದ್ಯಾಲಯದ ‘ಕರ್ನಾಟಕ ಭಾರತಿ’, ಬೆಂಗಳೂರು ವಿಶ್ವವಿದ್ಯಾಲಯದ ‘ಸಾಧನೆ’, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ ಇವೆಲ್ಲ ಕನ್ನಡ ಸಂಶೋಧನೆಯ ಕಣಜಗಳು. ಇವುಗಳ ಕೆಲವು ಹಳೆಯ ಸಂಚಿಕೆಗಳನ್ನು ಆಸಕ್ತರು ಸ್ವಂತ ಶ್ರಮದಿಂದ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಸೇರಿಸಿದ್ದಾರೆ. ಆದರೆ ‘ಅಬಲೂರು’ ಎಂದು ಬರೆದರೆ ಆ ಊರಿನ ಮೇಲೆ ಯಾರು, ಯಾವ ವರ್ಷ, ಯಾವ ಪತ್ರಿಕೆಯಲ್ಲಿ ಬರೆದರೆಂದು ಹೇಳಿ ಆ ಲೇಖನವನ್ನೇ ತೆರೆದಿಡುವ ಒಂದು ವ್ಯವಸ್ಥಿತ ಸಂಚಯ ಇಲ್ಲ. 2009ರ ಯುಜಿಸಿ ನಿಯಮದ ಫಲವಾಗಿ ಬೆಳೆದ ‘ಶೋಧಗಂಗಾ’ದಲ್ಲಿ ಕನ್ನಡ ಮಹಾಪ್ರಬಂಧಗಳು ಉಚಿತವಾಗಿ ದೊರೆಯುತ್ತವೆ ಎಂಬುದು ದೊಡ್ಡ ಉಪಕಾರ. ಅಲ್ಲಿಯೂ ಪುಟಗಳ ಚಿತ್ರವನ್ನಷ್ಟೇ ಏರಿಸಿರುವ ಅಥವಾ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಸಿದ್ಧಪಡಿಸಿದ ಪ್ರಬಂಧಗಳ ಒಳಗೆ ಪದ ಹುಡುಕಲು ಸಾಧ್ಯವಾಗುವುದಿಲ್ಲ.

ಇದರ ಪರಿಣಾಮ ವಿದ್ವತ್ತಿಗಷ್ಟೇ ಸೀಮಿತವಲ್ಲ. ಏಕಾಂತದ ರಾಮಯ್ಯನ ಶಾಸನದಂಥ ವಿಷಯ ಇಂದು ಮೊಬೈಲಿನಿಂದ ಮೊಬೈಲಿಗೆ ಹರಿಯುವಾಗ ಅರ್ಧ ವಾಕ್ಯವಾಗಿ ಹರಿಯುತ್ತದೆ. ಒಬ್ಬನಿಗೆ ಅದು ಗೆಲುವಿನ ಕಥೆ, ಇನ್ನೊಬ್ಬನಿಗೆ ಗಾಯದ ಕಥೆ. ಅದೇ ಹಾವೇರಿ ನೆಲದಲ್ಲಿ, ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ, 9ನೆಯ ಶತಮಾನದ ಕೊನೆಗೆ ಗುಣಭದ್ರರ ‘ಉತ್ತರಪುರಾಣ’ಕ್ಕೆ ಪೂಜೆ ಸಂದಿತು, ಗಂಗ ದೊರೆ ಮಾರಸಿಂಹನು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಕೊಂಡನು. ಅದೇ ತಾಲ್ಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದರು, ಶಿಶುವಿನಹಾಳದಲ್ಲಿ ಷರೀಫರು ಬಾಳಿದರು. ಕದಂಬರ ಪಾನುಂಗಲ್ಲು ಇಂದಿನ ಹಾನಗಲ್ಲು. ಇವೆಲ್ಲವನ್ನೂ ಒಟ್ಟಿಗೆ ಓದಿದವನಿಗೆ ಈ ಸೀಮೆಯ ಇತಿಹಾಸ ಒಂದೇ ಪಕ್ಷದ ವಾದವಾಗಿ ಕಾಣುವುದಿಲ್ಲ. ಒಟ್ಟಿಗೆ ಓದಲು ಸಿಗದವನಿಗೆ ಕೈಗೆ ಬಂದ ಅರ್ಧ ವಾಕ್ಯವೇ ಪ್ರಮಾಣವಾಗುತ್ತದೆ.

ಕರ್ನಾಟಕಕ್ಕೆ ಒಕ್ಕೂಟ ಕಟ್ಟುವ ಕೌಶಲ ಹೊಸದಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗಾಗಿ ‘ಹೆಲಿನೆಟ್’ ಅನ್ನು ರೂಪಿಸಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನದೇ ಒಕ್ಕೂಟವನ್ನು ನಡೆಸಿತು. ವೈದ್ಯನಿಗೂ ಎಂಜಿನಿಯರಿಗೂ ದೊರೆತ ಈ ಕಾಳಜಿ ಕನ್ನಡ ವಿದ್ಯಾರ್ಥಿಗೆ ಏಕೆ ದೊರೆಯಲಿಲ್ಲ? ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಹೆಸರು ಹೊತ್ತ ವರದಿ 1981ರಲ್ಲಿ ಬಂದು ಶಾಲೆಯಲ್ಲಿ ಕನ್ನಡದ ಸ್ಥಾನವನ್ನು ಕುರಿತು ನಾಡೇ ಎದ್ದು ನಿಂತಿತು. ಆದರೆ ಉನ್ನತ ವಿದ್ಯೆಯ ಮಟ್ಟದಲ್ಲಿ ಕನ್ನಡದ ಪತ್ರಿಕೆಗಳು ಎಲ್ಲಿವೆ, ಯಾರ ಕೈಗೆ ಸಿಗುತ್ತವೆ ಎಂದು ಕೇಳಿದ ಚಳವಳಿ ನಡೆಯಲಿಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಅದರ ವಿಷಯದ ಮುಖ್ಯ ಆಕರಗಳು ಯಾವ ವಿದೇಶೀ ಡೇಟಾಬೇಸಿನಲ್ಲಿಯೂ ಇರಲಾರವು.

ಜೈನ ಪರಂಪರೆಗೆ ಈ ಸಮಸ್ಯೆಯ ಎರಡೂ ಮುಖಗಳು ಪರಿಚಿತ. ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರವನ್ನೂ ದಾನದ ವಸ್ತುವೆಂದು ಎಣಿಸಿದ ಪರಂಪರೆ ಅದು. ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಪ್ರಸಿದ್ಧಿಯಿದೆ. ಅದೇ ಪರಂಪರೆ ಮೂಡುಬಿದಿರೆಯಲ್ಲಿ ಧವಲಾ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಭಕ್ತಿಯಿಂದ ಕಾಪಾಡಿತು, ಮತ್ತು ಅಷ್ಟೇ ಭಕ್ತಿಯಿಂದ ಯಾರಿಗೂ ಓದಲು ಕೊಡದೆ ಇಟ್ಟುಕೊಂಡಿತು. ದರ್ಶನವಿತ್ತು, ಅಧ್ಯಯನವಿರಲಿಲ್ಲ. ಹೀರಾಲಾಲ್ ಜೈನರ ಸಂಪಾದನೆಯಲ್ಲಿ 1939ರಿಂದ ಅದು ಮುದ್ರಣಗೊಂಡ ಮೇಲೆಯೇ ದಿಗಂಬರ ಆಗಮದ ಅಧ್ಯಯನ ಹೊಸ ಜೀವ ಪಡೆಯಿತು. ಓಲೆಗಳನ್ನು ಕಾಪಾಡಿದವರ ಋಣ ದೊಡ್ಡದು. ತೆರೆದು ಕೊಟ್ಟವರ ಋಣ ಅದಕ್ಕಿಂತ ಸಣ್ಣದಲ್ಲ. ವಿಶ್ವವಿದ್ಯಾಲಯಗಳ ಕಪಾಟಿನಲ್ಲಿರುವ ಕನ್ನಡ ಪತ್ರಿಕೆಗಳ ಇಂದಿನ ಸ್ಥಿತಿ 1939ಕ್ಕೆ ಮೊದಲಿನ ಆ ಭಂಡಾರದ ಸ್ಥಿತಿಯೇ ಆಗಿದೆ, ಭಕ್ತಿಯೊಂದನ್ನು ಬಿಟ್ಟು.

ಆಗಬೇಕಾದುದು ಅಸಾಧ್ಯವಾದುದೇನಲ್ಲ. ರಾಷ್ಟ್ರೀಯ ಯೋಜನೆಯ ಅವಧಿ 2027ಕ್ಕೆ ಮುಗಿಯುವ ಮೊದಲು ಅನುದಾನಿತ ಕಾಲೇಜುಗಳನ್ನೂ ಅದರೊಳಗೆ ತರುವಂತೆ, ಚಂದಾ ಕಟ್ಟಿದ ವರ್ಷಗಳ ಸಂಚಿಕೆಗಳ ಮೇಲಾದರೂ ಶಾಶ್ವತ ಹಕ್ಕನ್ನು ಪಡೆಯುವಂತೆ ರಾಜ್ಯ ಒತ್ತಾಯಿಸಬೇಕು. ರಾಜ್ಯದ ವಿಶ್ವವಿದ್ಯಾಲಯಗಳು, ಪರಿಷತ್ತು ಮತ್ತು ವಿದ್ಯಾವರ್ಧಕ ಸಂಘ ಕೂಡಿ ತಮ್ಮ ಪತ್ರಿಕೆಗಳ ಎಲ್ಲ ಸಂಚಿಕೆಗಳನ್ನು ಯೂನಿಕೋಡ್ ಪಠ್ಯವಾಗಿ, ಲೇಖಕ-ವಿಷಯ-ಊರುಗಳ ಸೂಚಿಯೊಡನೆ, ಯಾವ ಪ್ರವೇಶಪದವೂ ಇಲ್ಲದೆ ತೆರೆದಿಡಬೇಕು. ಇಲ್ಲಿ ಚೌಕಾಸಿ ಮಾಡಬೇಕಾದ ವಿದೇಶೀ ಪ್ರಕಾಶಕನಿಲ್ಲ. ಪತ್ರಿಕೆಗಳನ್ನು ಹೊರತಂದ ಸಂಸ್ಥೆಗಳು ಈ ನಾಡಿನವು, ಬರೆದವರು ಈ ನಾಡಿನವರು. ಲೇಖಕರಿಂದ, ಅವರ ವಾರಸುದಾರರಿಂದ ಒಪ್ಪಿಗೆ ಪಡೆಯುವ ಕೆಲಸ ಶ್ರಮದ್ದೇ ಹೊರತು ವೆಚ್ಚದ್ದಲ್ಲ. ಬಾಡಿಗೆಗೆ ಕೋಟಿಗಳನ್ನು ತೆರುವ ವ್ಯವಸ್ಥೆ ಸ್ವಂತ ಮನೆಗೊಂದು ಬಾಗಿಲನ್ನು ಇಡಿಸಲು ಹಿಂಜರಿಯುವುದಕ್ಕೆ ಕಾರಣವಿಲ್ಲ.

ಇಂಗ್ಲಿಷಿನ ಬಾಗಿಲು ತೆರೆಯಲಿ. ಅದು ಬೇಕೇ ಬೇಕು. ಆದರೆ ಅಬಲೂರಿನ ವಿದ್ಯಾರ್ಥಿನಿ ತನ್ನೂರಿನ ಕಲ್ಲಿನ ಬಗ್ಗೆ ಲಂಡನ್ನಿನಲ್ಲಿ ಅಚ್ಚಾದದ್ದನ್ನು ಓದಲು ಸಾಧ್ಯವಾಗಿ, ಧಾರವಾಡದಲ್ಲಿ ಅಚ್ಚಾದದ್ದನ್ನು ಓದಲು ಸಾಧ್ಯವಾಗದೆ ಹೋದರೆ, ಆ ಶಾಸನದ ಸಂಭಾಷಣೆಯಲ್ಲಿ ಅವಳು ಕೊನೆಯವರೆಗೂ ಕೇಳುಗಳಾಗಿಯೇ ಉಳಿಯುತ್ತಾಳೆ.