ಪಾರಿವಾಳದ ಖಾತೆಗೆ ತಪ್ಪು ಡೆಬಿಟ್

ಪುಟಾಣಿಗಳೇ, ಬ್ಯಾಂಕಿನಲ್ಲಿ 35 ವರ್ಷ ಲೆಕ್ಕ ಬರೆದ ಈ ತಾತ ಹೋದ ತಿಂಗಳು ಮನೆಯಲ್ಲೇ ಒಂದು ತಪ್ಪು ಲೆಕ್ಕ ಬರೆದುಬಿಟ್ಟ.

ಮೊಮ್ಮಗಳ ತಲೆಯಲ್ಲಿ ಹೇನು ಕಾಣಿಸಿತು. ನಮ್ಮ ಕಿಟಕಿಯ ಸಜ್ಜದ ಮೇಲೆ ಪಾರಿವಾಳವೊಂದು ಗೂಡು ಕಟ್ಟಿ ಎರಡು ಮರಿ ಮಾಡಿತ್ತು. "ಎಲ್ಲ ಇದರಿಂದಲೇ!" ಎಂದು ಗೂಡು ಕೆಡವಲು ಕೋಲು ಹಿಡಿದೆ.

"ತಾತ, ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು ಅಂತ ನೀನೇ ಹೇಳ್ತೀಯಲ್ಲ?" ಎಂದಳು ಮೊಮ್ಮಗಳು. ಕೋಲು ಕೆಳಗಿಟ್ಟು ಓದಲು ಕುಳಿತೆ.

ಪಾರಿವಾಳಕ್ಕೂ ಹೇನಿದೆ, ನಿಜ. ಆದರೆ ಅದು ಪುಕ್ಕ ತಿಂದು ಬದುಕುತ್ತದೆ. ನಮ್ಮ ತಲೆಯ ಹೇನಿಗೆ ಮನುಷ್ಯರ ರಕ್ತವೇ ಬೇಕು. ಅದು ಅಲ್ಲಿ ಸಂಸಾರ ಹೂಡದು, ಇದು ಇಲ್ಲಿ ಹೂಡದು.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಎರಡನ್ನೂ 'ಪೆಡಿಕ್ಯುಲಸ್' ಎಂಬ ಒಂದೇ ಖಾತೆಯಲ್ಲಿ ಬರೆದಿದ್ದ. ಮುಂದೆ ಬಂದವರು ಅಗಿಯುವ ಹೇನು, ಹೀರುವ ಹೇನು ಎಂದು ಖಾತೆ ಬೇರೆ ಮಾಡಿದರು. ಈಗ ಡಿಎನ್‌ಎ ನೋಡಿದವರು ಹೇಳುವುದೇನೆಂದರೆ, ಹೀರುವ ಹೇನುಗಳು ಹುಟ್ಟಿದ್ದೂ ಅಗಿಯುವವುಗಳ ವಂಶದಲ್ಲೇ. ಇವಕ್ಕೆಲ್ಲ ಹತ್ತಿರದ ನೆಂಟ ಯಾರು ಗೊತ್ತೇ? ಹಳೆಯ ಪುಸ್ತಕಗಳಲ್ಲಿ ಬೂಷ್ಟು ತಿನ್ನುತ್ತ ಓಡಾಡುವ ಪುಟಾಣಿ ಹುಳು! ಲೆಡ್ಜರ್ ಬಿಚ್ಚಿದಾಗಲೆಲ್ಲ ನಾನು ಊದಿ ಹಾರಿಸುತ್ತಿದ್ದುದು ಹೇನಿನ ದಾಯಾದಿಯನ್ನೇ.

ಪಾರಿವಾಳದ ಮೇಲೂ ಎಲ್ಲ ಹೇನು ಒಂದೇ ಥರ ಇಲ್ಲ. ರೆಕ್ಕೆಯ ಹೇನು ಕಡ್ಡಿಯಂತೆ ತೆಳ್ಳಗೆ. ಗರಿಯ ಎಳೆಗಳ ನಡುವೆ ತೂರಿ ಮಲಗಿದರೆ ಕೊಕ್ಕಿಗೆ ಸಿಗದು. ಮೈಮೇಲಿನ ಹೇನು ಗುಂಡಗೆ. ಅದು ಮೆತ್ತನೆಯ ಪುಕ್ಕದೊಳಗೆ ಅಡಗುತ್ತದೆ. ಪಾರಿವಾಳ ದಿನವಿಡೀ ಕೊಕ್ಕಿನಿಂದ ಮೈ ತೀಡಿಕೊಳ್ಳುವುದು ಬರೀ ಅಲಂಕಾರಕ್ಕಲ್ಲ, ಹೇನು ಹೆಕ್ಕುವುದಕ್ಕೂ ಹೌದು.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಬೂದು ಪಾರಿವಾಳದ ಹೇನುಗಳನ್ನು ಬಿಳಿ, ಕಪ್ಪು, ಬೂದು ಪಾರಿವಾಳಗಳ ಮೇಲೆ ಬಿಟ್ಟು 4 ವರ್ಷ ಕಾದರು. ಹೇನಿನ ಲೆಕ್ಕದಲ್ಲಿ ಅದು ಸುಮಾರು 60 ತಲೆಮಾರು. ಬಿಳಿ ಹಕ್ಕಿಯ ಮೇಲಿನ ಹೇನುಗಳು ತಿಳಿಬಣ್ಣಕ್ಕೆ ತಿರುಗಿದವು, ಕಪ್ಪು ಹಕ್ಕಿಯವು ಕಪ್ಪಾದವು. ಹೇನು ತಾನಾಗಿ ಬಣ್ಣ ಬಳಿದುಕೊಂಡದ್ದಲ್ಲ. ಎದ್ದು ಕಂಡವನ್ನು ಕೊಕ್ಕು ಹೆಕ್ಕಿತು. ಕಣ್ಣಿಗೆ ಬೀಳದವು ಉಳಿದು ಮೊಟ್ಟೆಯಿಟ್ಟವು. ಕೊಕ್ಕಿಗೆ ತಡೆ ಹಾಕಿ, ಹೆಕ್ಕಲಾಗದಂತೆ ಮಾಡಿದ ಹಕ್ಕಿಗಳ ಮೇಲೆ ಬಣ್ಣ ಬದಲಾಗಲೇ ಇಲ್ಲ. ಜೀವವಿಕಾಸ ಎಂದರೆ ಇದೇ ಮಕ್ಕಳೇ.

ಹಾಗಾದರೆ ಮೊಮ್ಮಗಳ ತಲೆಗೆ ಹೇನು ಬಂದದ್ದೆಲ್ಲಿಂದ? ಇನ್ನೊಂದು ತಲೆಯಿಂದಲೇ ಬರಬೇಕು. ಮನೆಮಂದಿಯನ್ನೆಲ್ಲ ಸಾಲಾಗಿ ಕೂರಿಸಿ ಸೀರಣಿಗೆಯಲ್ಲಿ ಬಾಚಿಸಿದೆ. ಬಿಳಿ ಪಂಚೆಯ ಮೇಲೆ ಮೊದಲ ಹೇನು ಉದುರಿದ್ದು ಅಜ್ಜಿಯ ತುರುಬಿನಿಂದ! ಮೊಮ್ಮಗಳು ದಿನಾ ಅಜ್ಜಿಯ ಪಕ್ಕದಲ್ಲೇ ಕಥೆ ಕೇಳುತ್ತ ಮಲಗುತ್ತಾಳೆ. ಯಾರಿಂದ ಯಾರಿಗೆ ಬಂತೋ, ಆ ಲೆಕ್ಕ ನಾನು ಕೇಳಲಿಲ್ಲ. ಹೇನಾಗುವುದು ನಾಚಿಕೆಯ ಮಾತೂ ಅಲ್ಲ. ಇಬ್ಬರಿಗೂ ಒಟ್ಟಿಗೇ ಔಷಧಿಯಾಯಿತು.

ಪಾರಿವಾಳದ ಖಾತೆಗೆ ಹಾಕಿದ್ದ ಡೆಬಿಟ್ ವಜಾ ಮಾಡಿದ್ದೇನೆ. ಮರಿಗಳು ಹಾರಿಹೋದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿ, ಒಣಗಿದ ಹಿಕ್ಕೆಗೆ ನೀರು ಚಿಮುಕಿಸಿ ಸಜ್ಜ ತೊಳೆದೆ. ಅದರ ದೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಆ ಎಂಟ್ರಿಗೆ ಮಾತ್ರ ವೋಚರ್ ಇದೆ.