ಇಪ್ಪತ್ತು ಮಕ್ಕಳಿಗೆ ಒಂದೇ ಚೆಂಡು ಸಾಕೆ?

ಬೇಸಿಗೆ ರಜೆ ಬಂತೆಂದರೆ ಬ್ಯಾಸ್ಕೆಟ್‌ಬಾಲ್ ಶಿಬಿರಕ್ಕೆ ಮಕ್ಕಳನ್ನು ಸೇರಿಸುವ ತಂದೆ-ತಾಯಂದಿರು ಫೀಜು ಎಷ್ಟು, ಬೂಟು ಯಾವುದು ಅಂತ ವಿಚಾರಿಸ್ತಾರೆ. ಕೇಳಬೇಕಾದ ಪ್ರಶ್ನೆಯೇ ಬೇರೆ: ಒಂದು ಗಂಟೆಯಲ್ಲಿ ಮಗುವಿನ ಕೈಯಲ್ಲಿ ಚೆಂಡು ಎಷ್ಟು ಹೊತ್ತು ಇರುತ್ತೆ?

ಲೆಕ್ಕ ಸರಳ. 20 ಮಕ್ಕಳು ಬಂದಿದ್ದಾರೆ, ಕಡೆಗೆ ಐವರಂತೆ ಆಟ, ಚೆಂಡು ಒಂದೇ. ಸಮನಾಗಿ ಹಂಚಿದರೂ 60 ನಿಮಿಷದಲ್ಲಿ ತಲೆಗೆ 3 ನಿಮಿಷ. ನಿಜವಾಗಿ ಅಷ್ಟೂ ಸಿಗೋದಿಲ್ಲ. ಎತ್ತರದವನು, ಜೋರಿನವನು ಚೆಂಡು ಹಿಡಿದರೆ ಮಿಕ್ಕವರದ್ದು ಬರೀ ಓಟ. ಹತ್ತು ಮಂದಿ ಗೆರೆಯಾಚೆ ನಿಂತು ನೋಡೋದೇ ಕೆಲಸ. ತಕ್ಕಡಿ ಮುಟ್ಟಲು ಬಿಡದೆ ಅಂಗಡಿ ಹುಡುಗನಿಗೆ ವ್ಯಾಪಾರ ಕಲಿಸಿದ ಸಾಹುಕಾರ ಯಾರಾದರೂ ಉಂಟೆ?

ಅದೇ ಕೋರ್ಟನ್ನು ಎರಡು ಭಾಗ ಮಾಡಿ, ಒಂದೊಂದು ರಿಂಗಿಗೆ ಮೂವರ ವಿರುದ್ಧ ಮೂವರನ್ನು ಬಿಡಲಿ. ಒಂದೇ ಸಲಕ್ಕೆ 12 ಮಂದಿ ಆಡ್ತಾರೆ, ಸೋತ ತಂಡದ ಜಾಗಕ್ಕೆ ಕಾದವರು ಇಳೀತಾರೆ. ಚೆಂಡು ಎರಡಾದ ಮೇಲೆ ಪಾಲೂ ದುಪ್ಪಟ್ಟು. ಆರೇ ಮಂದಿಯ ಆಟದಲ್ಲಿ ಯಾರೂ ಮರೆಯಾಗಿ ನಿಲ್ಲುವಂತಿಲ್ಲ. ಚೆಂಡು ಪುಟಿಸಬಾರದು, ಪಾಸ್ ಮಾತ್ರ ಕೊಡಬೇಕು ಅಂತ ಮೇಷ್ಟ್ರು ಒಂದು ನಿಯಮ ಹಾಕಿದರೆ ಸಾಕು, ಖಾಲಿ ಜಾಗ ನೋಡಿ ಓಡೋದನ್ನು ಮಕ್ಕಳು ತಾವೇ ಕಲೀತಾರೆ.

ಇದೆಂಥ ಗಲ್ಲಿ ಆಟ ಅಂತ ಮೂಗು ಮುರಿಯುವವರೂ ಇದ್ದಾರೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಈ ಆಟ ಶುರು ಮಾಡಿದಾಗ ತಂಡಕ್ಕೆ 9 ಮಂದಿ. ಏಕೆಂದರೆ ತರಗತಿಯಲ್ಲಿ ಇದ್ದವರೇ 18! ಐವರ ಲೆಕ್ಕ ಆಮೇಲಿನದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೂವರ ಆಟಕ್ಕೂ ಪದಕ ಕೊಟ್ಟಾಯ್ತು.

ಹಾಗಂತ ಐವರ ಆಟ ಬಿಡಬೇಕಿಲ್ಲ. 28 ಮೀಟರ್ ಉದ್ದದ ಕೋರ್ಟಿನಲ್ಲಿ ಓಡಿ ಮುಗಿಸುವ ದಮ್ಮು ಅರ್ಧ ಕೋರ್ಟಿನಲ್ಲಿ ಬರೋದಿಲ್ಲ. ವಾರದ ಕೊನೆಗೆ ಪೂರ್ತಿ ಪಂದ್ಯ ಇರಲಿ, ಮಿಕ್ಕ ದಿನ ಸಣ್ಣ ತಂಡಗಳ ಆಟ ನಡೆಯಲಿ. 12 ವರ್ಷದೊಳಗಿನವರಿಗೆ 10 ಅಡಿ ಎತ್ತರದ ರಿಂಗು ತೋರಿಸಿ ಹೆದರಿಸೋದೂ ಬೇಡ. ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ರಿಂಗಿನ ಎತ್ತರ 2.60 ಮೀಟರ್, ಅಂದರೆ ಎಂಟೂವರೆ ಅಡಿ, ಚೆಂಡೂ ಚಿಕ್ಕದು.

ಇದರಿಂದ ಹೆಚ್ಚು ಲಾಭ ಗುಬ್ಬಿ, ಕುಣಿಗಲ್‌ನಂಥ ಊರುಗಳಿಗೆ. ಮೂವರ ಆಟಕ್ಕೆ ಬೇಕಾದ್ದು ಒಂದೇ ರಿಂಗು, 15 ಮೀಟರ್‌ಗೆ 11 ಮೀಟರ್ ಜಾಗ. ಪೂರ್ತಿ ಕೋರ್ಟಿಗೆ ಅನುದಾನ ಬರಲಿ ಅಂತ ವರ್ಷಗಟ್ಟಲೆ ಕಾಯುವ ಬದಲು ಶಾಲೆಯ ಅಂಗಳದಲ್ಲೇ ಒಂದು ಕಂಬ ನೆಡಬಹುದು. ಬಸ್ ಚಾರ್ಜು ಕೊಟ್ಟು ತುಮಕೂರಿಗೆ ಬಂದು, ಮೂರು ನಿಮಿಷ ಚೆಂಡು ಮುಟ್ಟಿ ವಾಪಸು ಹೋಗುವ ಕರ್ಮ ಆ ಮಕ್ಕಳಿಗೆ ಯಾಕೆ?

ಕ್ರೀಡಾ ಇಲಾಖೆಯವರು, ಶಾಲೆಗಳ ವ್ಯಾಯಾಮ ಮೇಷ್ಟ್ರುಗಳು ಈ ಬಗ್ಗೆ ಯೋಚನೆ ಮಾಡಲಿ. ಕಪ್ಪು ಆಮೇಲೆ ಬರಲಿ, ಮೊದಲು ಮಕ್ಕಳ ಕೈಗೆ ಚೆಂಡು ಬರಲಿ.