ಅಂಗಡಿ ಕಟ್ಟೆಯಿಂದ: ಮೂರು ಕೋಣೆಯ ಕುಣಿತದ ಮನೆ

ನಮ್ಮ ಜತ್ತ, ಅಕ್ಕಲಕೋಟ, ಸೋಲಾಪುರದ ಕಡೆ ‘ಕ್ಲಬ್ಬು’ ಎಂದರೆ ಬಹುಕಾಲ ಒಂದೇ ಅರ್ಥವಿತ್ತು, ಇಸ್ಪೀಟು. “ಅವ ಕ್ಲಬ್ಬಿಗೆ ಹೋಗ್ತಾನ” ಎಂಬ ಮಾತು ಕಿವಿಗೆ ಬಿದ್ದರೆ ಆ ಮನೆಗೆ ಹೆಣ್ಣು ಕೊಡುವವರು ಎರಡು ಸಲ ವಿಚಾರ ಮಾಡುತ್ತಿದ್ದರು, ಉದ್ರಿ ಕೊಡುವವರು ನಾಲ್ಕು ಸಲ. ಈಗ ಪುಣೆ, ಮುಂಬಯಿ, ಬೆಂಗಳೂರಿನಲ್ಲಿ ಕಲಿಯುವ, ನೌಕರಿ ಮಾಡುವ ನಮ್ಮ ಸಮಾಜದ ಮಕ್ಕಳು ಅದೇ ಮಾತನ್ನು ಬೇರೆ ಅರ್ಥದಲ್ಲಿ ಆಡುತ್ತಾರೆ. ಟಿಕೀಟು ತೆಗೆಸಿ ಒಳಗೆ ಹೋಗಿ, ದೊಡ್ಡ ಸದ್ದಿನ ಸಂಗೀತಕ್ಕೆ ಬೆಳಗಿನ ತನಕ ಕುಣಿಯುವ ಜಾಗಕ್ಕೆ ಅವರು ಕ್ಲಬ್ಬು ಎನ್ನುತ್ತಾರೆ. ನಮ್ಮೆದುರು ಆ ಮಾತು ತೆಗೆಯುವುದಿಲ್ಲ, ಅಷ್ಟೇ. ಶನಿವಾರ ರಾತ್ರಿ ನಾವು ಫೋನು ಮಾಡಿದರೆ ಬರುವ ಉತ್ತರ, “ರೂಮಿನ್ಯಾಗ ಅದೀನಿ, ಓದಾಕತ್ತೀನಿ.”

ಇಂಥದೊಂದು ಜಾಗವನ್ನು ನಾವು ಕಣ್ಣಾರೆ ಕಂಡದ್ದು ಲಂಡನ್ನಿನಲ್ಲಿ, 2023ರ ಜೂನ್ ತಿಂಗಳಲ್ಲಿ. ನಮ್ಮ ತಮ್ಮನ ಮಗ ಅಲ್ಲಿ ನೌಕರಿಯಲ್ಲಿದ್ದಾನೆ. ಮಾತಿಗೆ ಮಾತು ಬಂದು ನಾವು ಈ ಕುಣಿತದ ಜಾಗಗಳನ್ನು ಬೈಯ್ಯುತ್ತಿದ್ದಾಗ ಅವನು, “ದೊಡ್ಡಪ್ಪಾ, ನೋಡದ ಬೈಯೂದು ಬ್ಯಾಡ್ರಿ. ಒಮ್ಮೆ ಬಂದು ನೋಡ್ರಿ, ಆಮ್ಯಾಲ ಬೇಕಾದಷ್ಟ ಬೈರಿ” ಎಂದ. ಮಾಲು ನೋಡದೆ ದರ ಹೇಳುವ ರೂಢಿ ನಮ್ಮ ಪೇಟೆಯಲ್ಲಿಲ್ಲ. ನಮ್ಮ ಮನೆಯವರು ಮಾತ್ರ “ನೀವ ಹೋಗಿ ಬರ್ರಿ” ಎಂದು ಕೈ ಮುಗಿದು ಮಲಗಿದರು. ರಾತ್ರಿ ಭೋಜನ ತ್ಯಾಗದ ತೊಂದರೆ ಏನೂ ಆಗಲಿಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9 ಗಂಟೆ ದಾಟಿದ ಮೇಲೆ. ಎಂಟಕ್ಕೆ ಊಟ ಮುಗಿಸಿ, ಬಾಯಿ ಮುಕ್ಕಳಿಸಿ, ಹನ್ನೊಂದಕ್ಕೆ ಹೊರಟೆವು.

ಆ ಕ್ಲಬ್ಬಿನ ಹೆಸರು ಫ್ಯಾಬ್ರಿಕ್. ಎಂದರೆ ಅರಿವೆ, ಬಟ್ಟೆ. ನಲವತ್ತು ವರ್ಷ ಗಜಕಡ್ಡಿ ಹಿಡಿದವರಿಗೆ ಆ ಹೆಸರು ಕೇಳಿ ನಗು ಬಂದದ್ದು ಸಹಜ. ಆದರೆ ಕಟ್ಟಡದ ಪೂರ್ವಚರಿತ್ರೆ ಕೇಳಿದಾಗ ನಗು ನಿಂತಿತು. ಫಾರಿಂಗ್ಡನ್ ಸ್ಟೇಶನ್ನಿನ ಹತ್ತಿರ ಚಾರ್ಟರ್‌ಹೌಸ್ ರಸ್ತೆಯ ಮೇಲೆ ಇರುವ ಆ ಇಟ್ಟಿಗೆಯ ಕಟ್ಟಡ ಮೊದಲು ‘ಮೆಟ್ರೊಪಾಲಿಟನ್ ಕೋಲ್ಡ್ ಸ್ಟೋರ್ಸ್’ ಆಗಿತ್ತು, ಮಾಂಸವನ್ನು ಥಂಡಿಯಲ್ಲಿ ಇಡುವ ಉಗ್ರಾಣ. ಎದುರಿಗೇ ಸ್ಮಿತ್‌ಫೀಲ್ಡ್ ಮಾಂಸದ ಸಗಟು ಪೇಟೆ. 1855ರ ತನಕ ಅಲ್ಲಿ ಜೀವಂತ ದನ ಕುರಿಗಳ ಸಂತೆಯೇ ನೆರೆಯುತ್ತಿತ್ತು. ಈಗಿನ ಕಬ್ಬಿಣದ ಛಾವಣಿಯ ದೊಡ್ಡ ಮಂಟಪ 1868ರದು. ಅದನ್ನು ಮುಚ್ಚುವ ತೀರ್ಮಾನವನ್ನು ನಗರದ ಆಡಳಿತ 2024ರ ನವೆಂಬರಿನಲ್ಲಿ ಮಾಡಿತು. ವಾರದಲ್ಲಿ ಐದು ದಿನ ನಡುರಾತ್ರಿ ಕಳೆದ ಮೇಲೆ ವ್ಯಾಪಾರ ನಡೆಯುವ ಪೇಟೆ ಅದು. ನಾವು ಹೋದದ್ದು ಶನಿವಾರ ರಾತ್ರಿಯಾದ್ದರಿಂದ ಕದ ಹಾಕಿತ್ತು. ಆದರೂ ಅದರ ಮುಂದೆ ಹಾಯುವಾಗ ಮನಸ್ಸಿನಲ್ಲಿ ಪಂಚ ನಮಸ್ಕಾರ ಮಂತ್ರ ಹೇಳಿಕೊಂಡೆವು. ಮಾಂಸ ಇಟ್ಟ ಕೋಣೆಯಲ್ಲಿ ಈಗ ಮಾಂಸವಿಲ್ಲ, ಜನ ಕುಣಿಯುತ್ತಾರೆ ಎಂದರೆ ಲೆಕ್ಕದಲ್ಲಿ ಅದು ಜಮೆಯೋ ಖರ್ಚೋ ಎಂದು ನಾವು ಇನ್ನೂ ವಿಚಾರ ಮಾಡುತ್ತಿದ್ದೇವೆ.

ಬಾಗಿಲಲ್ಲಿ ತಪಾಸಣೆ ಕಟ್ಟುನಿಟ್ಟು. ಗುರುತಿನ ಚೀಟಿ ನೋಡಿ, ಯಂತ್ರಕ್ಕೆ ಹಿಡಿದು, ಮೈ ತಡವಿ ನೋಡಿದರು. ನಮ್ಮ ಕೋಟಿನ ಕಿಸೆಯಲ್ಲಿ ಕಾಗದದ ಪುಡಿಕೆಯಲ್ಲಿ ನಾಲ್ಕು ಲವಂಗ, ಎರಡು ಏಲಕ್ಕಿ ಇದ್ದವು. ಬಾಗಿಲಿನ ಆಳು ಅದನ್ನು ಬಿಚ್ಚಿ ಬ್ಯಾಟರಿ ಹಿಡಿದು ನೋಡಿದ, ಮೂಸಿದ, ನಮ್ಮ ನರೆತ ತಲೆ ನೋಡಿದ, ನಕ್ಕು ಮರಳಿ ಕೊಟ್ಟ. ನಮ್ಮ ತಮ್ಮನ ಮಗ ಮಾತ್ರ ನಾಚಿ ಆ ಕಡೆ ಮುಖ ಮಾಡಿ ನಿಂತಿದ್ದ.

ಒಳಗೆ ಮೂರು ಕೋಣೆ. ಒಂದೊಂದಕ್ಕೆ ಬೇರೆ ಸಂಗೀತ, ಬೇರೆ ಧ್ವನಿಯಂತ್ರ. ಒಂದರ ಸದ್ದು ಇನ್ನೊಂದಕ್ಕೆ ಬಾರದಂತೆ ನಡುವೆ ದಪ್ಪ ಗೋಡೆ, ಮೆಟ್ಟಿಲು, ಓಣಿಯಂಥ ದಾರಿ. ಮೊದಲ ಕೋಣೆಯ ನೆಲದ ಕೆಳಗೆ ಸಂಗೀತದ ತಗ್ಗು ದನಿಯನ್ನು ಕಾಲಿಗೆ ಮುಟ್ಟಿಸುವ 400ಕ್ಕೂ ಹೆಚ್ಚು ಯಂತ್ರಗಳನ್ನು ಕೂಡಿಸಿದ್ದಾರೆ. ಕಿವಿಗೆ ರಬ್ಬರಿನ ಬಿರಡೆ ಹಾಕಿಕೊಂಡಿದ್ದ ನಮಗೆ ಅಂಗಾಲಿನಿಂದ ಮೊಣಕಾಲಿನವರೆಗೆ ತಾಳ ಏರಿ ಬಂತು. ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ನಿಂತವರಿಗೆ ಆ ಅನುಭವ ಗೊತ್ತು. ಎರಡನೆಯ ಕೋಣೆಯಲ್ಲಿ ತಾಳ ಇನ್ನೂ ಚುರುಕು, ನಮ್ಮ ಹಲಗೆಯವರು ಏರಿಸಿದ ಹಾಗೆ. ಮೂರನೆಯದು ಚಿಕ್ಕದು, ಅಲ್ಲಿ ಮಾತ್ರ ಹಾಡಿನಲ್ಲಿ ಮಾತು ಕೇಳಿಸಿತು. ರಾಗವಿಲ್ಲ, ಸಾಹಿತ್ಯವಿಲ್ಲ, ಒಂದೇ ಪೆಟ್ಟು ಗಂಟೆಗಟ್ಟಲೆ. ನಮಗೆ ಹಿಡಿಸಲಿಲ್ಲ. ಹಿಡಿಸಿತೆಂದು ಸುಳ್ಳು ಹೇಳಿ ಹುಡುಗರಿಂದ ಶಹಬ್ಬಾಸ್ ಪಡೆಯುವ ವಯಸ್ಸು ನಮ್ಮದಲ್ಲ.

ಆದರೆ ವ್ಯಾಪಾರಿಯ ಕಣ್ಣಿಗೆ ಬಿದ್ದದ್ದನ್ನು ಹೇಳಬೇಕು. ಒಂದೇ ಮಾಳಿಗೆಯ ಕೆಳಗೆ ಧೋತರ, ಸೀರೆ, ಸಿದ್ಧ ಉಡುಪು ಮೂರನ್ನೂ ಇಟ್ಟ ಅಂಗಡಿಯ ಹಾಗೆ, ಒಂದು ಸೇರದ ಗಿರಾಕಿ ಬೀದಿಗೆ ಇಳಿಯದೆ ಇನ್ನೊಂದರ ಮುಂದೆ ನಿಲ್ಲುತ್ತಾನೆ. 1999ರ ಅಕ್ಟೋಬರಿನಲ್ಲಿ ಬಾಗಿಲು ತೆರೆದ ಈ ಮನೆಯವರು 2001ರಿಂದ 2018ರವರೆಗೆ ತಮ್ಮ ಸಂಗೀತದ ಸಿ.ಡಿ.ಗಳನ್ನು ತಗಡಿನ ಕವಚದಲ್ಲಿ ಹಾಕಿ, ಎರಡು ಮಾಲಿಕೆಗಳಲ್ಲಿ ನೂರು ನೂರರಂತೆ ಹೊರಡಿಸಿದರು. ಬಂದವರಲ್ಲಿ ಐವತ್ತು ದಾಟಿದವರೂ ಇದ್ದರು. ಹೆಚ್ಚಿನವರು ಜೋಡಿಯಾಗಿ ಕುಣಿಯುವುದಿಲ್ಲ. ಒಬ್ಬೊಬ್ಬರೇ, ಸಂಗೀತ ನುಡಿಸುವವನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ. ನಮ್ಮನ್ನು ಯಾರೂ ತಿರುಗಿ ನೋಡಲಿಲ್ಲ. ಕುಡಿಯುವ ನೀರು ಕೇಳಿದರೆ ಪುಕ್ಕಟೆ. ಮದ್ಯದ ಪರವಾನಗಿ ಇದ್ದ ಜಾಗದಲ್ಲಿ ಗಿರಾಕಿಗೆ ನೀರು ಪುಕ್ಕಟೆ ಕೊಡಬೇಕೆಂದು 2010ರಿಂದ ಅಲ್ಲಿ ಕಾನೂನೇ ಇದೆ. ಮದ್ಯದ ಕಟ್ಟೆಗೆ ಹತ್ತಿಕೊಂಡೇ ಅರವಟ್ಟಿಗೆ! ಶಾಸ್ತ್ರ ಹೇಳುವ ಸಪ್ತವ್ಯಸನಗಳನ್ನು ಬೆರಳು ಮಡಿಚಿ ಎಣಿಸಿ ನೋಡಿ. ಜೂಜು, ಮಾಂಸ, ಮದ್ಯ ಇವೆ, ಕುಣಿತ ಅದರಲ್ಲಿಲ್ಲ. ಅಲ್ಲಿ ಮದ್ಯದ ಕಟ್ಟೆಯ ಮುಂದೆ ದೊಡ್ಡ ಸರದಿ ಇತ್ತೆಂಬುದನ್ನೂ ಮುಚ್ಚಿಡುವುದಿಲ್ಲ. ನಮ್ಮ ಹುಡುಗ ನಮ್ಮೆದುರು ನೀರೇ ಕುಡಿದ. ನಾವಿಲ್ಲದಾಗಿನ ಮಾತು ಅವನಿಗೂ ಅವನ ವ್ರತಕ್ಕೂ ಬಿಟ್ಟದ್ದು.

ಬಾಗಿಲಲ್ಲಿ ಅಷ್ಟು ಬಿಗಿ ಏಕೆಂದು ಕೇಳಿದಾಗ 2016ರ ಕಥೆ ಹೇಳಿದ. ಆ ವರ್ಷ ಜೂನ್‌ನಲ್ಲಿ ಒಬ್ಬ, ಆಗಸ್ಟ್‌ನಲ್ಲಿ ಒಬ್ಬ, ಇಬ್ಬರು ಹದಿನೆಂಟು ವರ್ಷದ ಹುಡುಗರು ಈ ಕ್ಲಬ್ಬಿಗೆ ಬಂದ ರಾತ್ರಿ ಮಾದಕ ದ್ರವ್ಯದಿಂದ ಸತ್ತರು. ಆ ಪದಾರ್ಥ ಮೈಯ ಬಿಸಿಯನ್ನು ಏರಿಸುತ್ತದೆ. ಸೆಕೆಯ ಕೋಣೆಯಲ್ಲಿ ತಾಸುಗಟ್ಟಲೆ ಕುಣಿದರೆ ಏರಿದ್ದು ಇಳಿಯುವುದಿಲ್ಲ. ಹಿಂದಿನ ವರ್ಷವಷ್ಟೇ ನ್ಯಾಯಾಧೀಶರೊಬ್ಬರು ಇದೇ ಕ್ಲಬ್ಬಿನ ವ್ಯವಸ್ಥೆಯನ್ನು ಹೊಗಳಿದ್ದರು. ಆದರೂ ಸೆಪ್ಟೆಂಬರಿನಲ್ಲಿ ಇಸ್ಲಿಂಗ್ಟನ್ ಕೌನ್ಸಿಲ್ ಪರವಾನಗಿ ರದ್ದು ಮಾಡಿ ಬೀಗ ಹಾಕಿಸಿತು. ತೆರೆಯಬೇಕೆಂದು ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಮಾಡಿದರು. ನವೆಂಬರಿನಲ್ಲಿ ರಾಜಿಯಾಗಿ, ವಾರಾಂತ್ಯದ ರಾತ್ರಿಗಳಲ್ಲಿ 19 ತುಂಬದವರನ್ನು ಬಿಡಬಾರದು, ಗುರುತಿನ ಚೀಟಿ ಯಂತ್ರದಲ್ಲಿ ದಾಖಲಾಗಬೇಕು, ಮಾದಕ ದ್ರವ್ಯದೊಂದಿಗೆ ಸಿಕ್ಕವರಿಗೆ ಜನ್ಮಪೂರ್ತಿ ಬಹಿಷ್ಕಾರ ಎಂಬಂಥ ಷರತ್ತುಗಳ ಮೇಲೆ 2017ರ ಜನವರಿಯಲ್ಲಿ ಮತ್ತೆ ತೆರೆಯಿತು.

ಇದನ್ನು ಕೇಳುತ್ತ ನಿಂತಾಗ ನಮಗೆ ನೆನಪಾದದ್ದು ನೀಲಾಂಜನೆ. ನಮ್ಮ ಊರ ಬಸದಿಯ ಪಂಚಕಲ್ಯಾಣದಲ್ಲಿ ದೀಕ್ಷಾ ಕಲ್ಯಾಣಕ್ಕೆ ಮುಂಚೆ ಸಮಾಜದ ಹೆಣ್ಣುಮಕ್ಕಳು ಆ ನೃತ್ಯ ಮಾಡುವುದನ್ನು ಓದುಗರೆಲ್ಲ ನೋಡಿದ್ದೀರಿ. ಈಗಿನ ತೆಲಂಗಾಣದ ವೇಮುಲವಾಡದಲ್ಲಿ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಅದು ಬರುತ್ತದೆ. ವೃಷಭನಾಥರ ಸಭೆಯಲ್ಲಿ ಕುಣಿಯುತ್ತಿದ್ದಂತೆಯೇ ಅವಳ ಆಯುಷ್ಯ ತೀರಿತು. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣವೇ ಅವಳಂಥದೇ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸಿದ. ತಾಳ ತಪ್ಪಲಿಲ್ಲ, ಸಭೆಗೆ ತಿಳಿಯಲಿಲ್ಲ. ತಿಳಿದದ್ದು ಆದಿನಾಥರಿಗೆ ಮಾತ್ರ. ಆ ಕಥೆಯನ್ನು ನಾವು ವೈರಾಗ್ಯದ ಕಥೆಯೆಂದೇ ಕೇಳುತ್ತ ಬಂದವರು. ಆ ರಾತ್ರಿ ಅದರ ಇನ್ನೊಂದು ಭಾಗ ಕಣ್ಣಿಗೆ ಬಿತ್ತು. ಅಷ್ಟು ಜನರಿದ್ದ ಸಭೆಯಲ್ಲಿ ಒಬ್ಬಳು ಇಲ್ಲವಾದದ್ದನ್ನು ಒಬ್ಬರೇ ಗಮನಿಸಿದರು.

ಎರಡನೆಯ ಕೋಣೆಗೆ ಇಳಿಯುವ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಗೋಡೆಗೆ ತಲೆ ಆನಿಸಿ ಕುಳಿತಿದ್ದಳು. ಹಾದು ಹೋಗುವವರು ಕಾಲು ಎತ್ತಿಟ್ಟು ಹೋಗುತ್ತಿದ್ದರು. ಕ್ಲಬ್ಬಿನ ಕೆಲಸದವಳೊಬ್ಬಳು ಬಂದು, ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಮುಖಕ್ಕೆ ಬೆಳಕು ಹಿಡಿಯದೆ ಪಕ್ಕಕ್ಕೆ ಹಿಡಿದು, ಹೆಸರು ಕೇಳಿದಳು, ಯಾರ ಜೊತೆ ಬಂದೆ ಎಂದು ಕೇಳಿದಳು, ನೀರು ಕೊಟ್ಟಳು. ಆ ಗೆಳತಿಯರು ಬಂದು ಎಬ್ಬಿಸಿಕೊಂಡು ಹೋಗುವ ತನಕ ಅಲ್ಲಿಂದ ಅಲುಗಲಿಲ್ಲ. ಸಂಬಳದ ಕೆಲಸವೇ ಇರಬಹುದು. ಆದರೂ ಆ ಮನೆಯಲ್ಲಿ ನಾವು ಕಂಡ ಎಲ್ಲಕ್ಕಿಂತ ಅದು ನಮ್ಮ ಮನಸ್ಸಿನಲ್ಲಿ ಹೆಚ್ಚು ನಿಂತಿದೆ.

ಏಕೆಂದರೆ ನಮ್ಮ ಬಳಗದಲ್ಲೇ ಇದಕ್ಕೆ ತದ್ವಿರುದ್ಧ ನಡೆದಿದೆ. ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ಕಲಿಯುತ್ತಿದ್ದ ನಮ್ಮವರ ಹುಡುಗನೊಬ್ಬ ಇಂಥದೇ ಜಾಗದಿಂದ ನಡುರಾತ್ರಿ ಸ್ನೇಹಿತನ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಬರುವಾಗ ಬಿದ್ದ. ಮನೆಯಲ್ಲಿ ಹೇಳಿದ್ದು ಪರೀಕ್ಷೆಯ ಓದು. ಬೆಳಗ್ಗೆ ಫೋನು ಎತ್ತಲಿಲ್ಲ. ಅವನ ಗೆಳೆಯರು ಯಾರು, ಎಲ್ಲಿಗೆ ಹೋಗಿದ್ದ, ಯಾವ ದವಾಖಾನೆ, ಒಂದೂ ತಂದೆಗೆ ಗೊತ್ತಿರಲಿಲ್ಲ. ಗೆಳೆಯರಿಗೆ ಗೊತ್ತಿತ್ತು. “ಅವರ ಮನೆಯವರು ಬೈತಾರ” ಎಂದು ಹೆದರಿ ಸಂಜೆಯ ತನಕ ಯಾರೂ ಬಾಯಿ ಬಿಡಲಿಲ್ಲ. ಆ ಹುಡುಗ ಬದುಕಿದ, ಕಾಲು ಮಾತ್ರ ಸರಿಹೋಗಲಿಲ್ಲ. ಆ ತಂದೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಆಡಿದ ಮಾತು ಕಾಲಿನದಲ್ಲ, ಆ ಹನ್ನೆರಡು ತಾಸಿನದು.

ಎರಡೂವರೆಗೆ ಹೊರಬಿದ್ದು ಟ್ಯಾಕ್ಸಿಯಲ್ಲಿ ಕುಳಿತಾಗ ನಮ್ಮ ತಮ್ಮನ ಮಗ ಮೆಲ್ಲಗೆ, “ದೊಡ್ಡಪ್ಪಾ, ಅಪ್ಪಗ ಹೇಳಬ್ಯಾಡ್ರಿ” ಎಂದ. ನಾವು ಹೇಳುವುದಿಲ್ಲ ಎಂದೆವು. “ನೀನ ಹೇಳು. ನಾ ಮಗ್ಗಲದಾಗ ಕುಂಡರತೀನಿ.” ಒಂದು ಫರ್ಲಾಂಗು ದೂರ ಅವನು ಕಿಟಕಿಯ ಹೊರಗೆ ನೋಡಿದ.

ಮರುದಿನ ಪಾಟರ್ಸ್ ಬಾರಿನ ಓಶವಾಲ ಸಮಾಜದ ಜಿನಾಲಯಕ್ಕೆ ದರ್ಶನಕ್ಕೆ ಹೋಗಿದ್ದೆವು. ವಾಪಸು ಬಂದ ಮೇಲೆ ಊರಿಗೆ ಫೋನು ಹಚ್ಚಿದ. ಎರಡು ವರ್ಷದಿಂದ ತಿಂಗಳಿಗೊಮ್ಮೆ ಹೋಗುತ್ತಿರುವುದು, ಯಾರ ಯಾರ ಜೊತೆ, ಹೇಗೆ ಮರಳುತ್ತಾನೆ, ಎಲ್ಲ ಹೇಳಿದ. ಆ ಕಡೆಯಿಂದ ಎಷ್ಟೋ ಹೊತ್ತು ಮಾತಿಲ್ಲ. ನಮ್ಮ ತಮ್ಮ ಸಿಟ್ಟಿನ ಮನುಷ್ಯ; ಹುಡುಗ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಿದ್ದ. ಕೊನೆಗೆ ನಮ್ಮ ತಮ್ಮ ಕೇಳಿದ್ದು, “ಟಿಕೀಟ ಎಷ್ಟು?”

ಇಬ್ಬರದು ಸೇರಿ ಐದು ಸಾವಿರ ರೂಪಾಯಿ ಎಂದು ಹೇಳಿದ್ದಕ್ಕೆ ಬೈಗಳು ಶುರುವಾದವು, ಅರ್ಧ ತಾಸು ನಡೆದವು. ನಡುವೆ ಒಮ್ಮೆ, ಆ ಗೆಳೆಯರ ಫೋನ್ ನಂಬರು ಬರೆಸು ಎಂದು ಅತ್ತಿಗೆಯವರ, ಅಲ್ಲ, ಅವನ ತಾಯಿಯ ದನಿ ಹಿಂದಿನಿಂದ ಕೇಳಿಸಿತು. ಹುಡುಗ ಮೂರು ನಂಬರು ಬರೆಸಿದ. ಆ ಕಾಗದ ಈಗ ನಮ್ಮ ತಮ್ಮನ ಗಲ್ಲೆಯ ಪೆಟ್ಟಿಗೆಯಲ್ಲಿದೆ. ಇದನ್ನೆಲ್ಲ ಅವನ ಮಗನ ಒಪ್ಪಿಗೆ ಪಡೆದೇ ಬರೆದಿದ್ದೇವೆ.